ಗಂಡಿನ ಹಲ್ಲು ನೋಡಿದ ಅತ್ತೆ

ನಮ್ಮ ಸೋದರತ್ತೆಗೆ ಮನುಷ್ಯರ ಗುರುತು ಹತ್ತುವುದೇ ಕಷ್ಟ, ಕುದುರೆಗಳ ವಂಶಾವಳಿ ಮಾತ್ರ ಬಾಯಿಪಾಠ! ನಾನು ಎದುರಿಗೆ ಹೋಗಿ ನಿಂತರೂ, "ನೀ ಯಾರ ಮರಿ ಬೇ?" ಎಂದೇ ಕೇಳುವಾಕೆ.

ರಾಯಬಾಗದ ದೇಸಗತಿ ವಾಡೆಯ, ಆ ಕೋಟೆಯಂಥ ದೊಡ್ಡ ಮನೆಯ, ಸೊಸೆ ಅವಳು, ಊರಿಗೆಲ್ಲ ಅಕ್ಕಾಸಾಹೇಬ. ಪುಣೆಯ ರೇಸಿಗೂ ಕುದುರೆ ಬಿಡುತ್ತಿದ್ದಳು, ಇಲ್ಲಿಯ ಕುದುರೆಗಾಡಿ ಓಟದ ಶರ್ಯತ್ತಿಗೂ ಬಿಡುತ್ತಿದ್ದಳು. ತೋಟದ ಒಣದ್ರಾಕ್ಷಿ ಮೊದಲು ಲಾಯಕ್ಕೆ, ಉಳಿದರೆ ಮಾವನಿಗೆ. "ಮುಂದಿನ ಜನ್ಮದಾಗ ನಿನ್ನ ಲಾಯದಾಗ ಹುಟ್ಟತೇನಿ" ಎಂದು ಮಾವ ಒಮ್ಮೆ ಗೊಣಗಿದರು. ಅತ್ತೆ ಅವರ ಹೊಟ್ಟೆಯನ್ನೇ ನೋಡಿ, "ಈ ಮೈಕಟ್ಟಿಂದು ನಾ ತಗೊಳ್ಳೂದಿಲ್ರಿ" ಅಂದಳು!

ಅಥಣಿ ಕಡೆ ಒಂದು ಶರ್ಯತ್ತು. ಅವಳ ಬಿಳಿ ಕುದುರೆ ಎಲ್ಲರಿಗಿಂತ ಮುಂದೆ. ಜೀಪಿನಲ್ಲಿ ನಿಂತ ಅತ್ತೆ, ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡೇ ಸಿಳ್ಳೆ ಹೊಡೆಯುತ್ತಿದ್ದಳು. ಅದು ಹೇಗೋ, ದೇವರೇ ಬಲ್ಲ! ಅಷ್ಟರಲ್ಲಿ ರಸ್ತೆಬದಿಗೆ ಕಬ್ಬಿನ ಟ್ರ್ಯಾಕ್ಟರ್ ಕಂಡಿತು. ಕುದುರೆ ನಿಂತೇಬಿಟ್ಟಿತು.

"ಅಕ್ಕಾಸಾಹೇಬ, ಗೆಲ್ಲೂದ ಬಿಟ್ಟ ಕಬ್ಬ ತಿನ್ನಾಕತ್ತೈತ್ರಿ!" ಎಂದು ಗಾಡಿ ಹೊಡೆಯುವವನು ಕೂಗಿದ.

"ಗೆದ್ದಿದ್ರ ಅದಕ್ಕ ಏನ ಕೊಡತಿದ್ದಿ? ಕಬ್ಬ ಹೌದಿಲ್ಲೋ? ತಿನ್ಲಿ ಬಿಡು!"

ಇಂಥವಳ ವಾಡೆಯಲ್ಲೇ ಅಪ್ಪ ನನ್ನನ್ನು ತೋರಿಸುವ ಕಾರ್ಯಕ್ರಮ ಇಟ್ಟುಕೊಂಡ. ವಾಡೆ ನೋಡಿಯಾದರೂ ಗಂಡಿನವರು ಒಪ್ಪಲಿ ಎಂದು. ಯಾಕೆಂದರೆ ಹುಟ್ಟಿನಿಂದಲೇ ನನ್ನ ಒಂದು ಕಾಲು ಗಿಡ್ಡ.

ನಿಪ್ಪಾಣಿಯಿಂದ ಬಂದವರು ಅವಲಕ್ಕಿ ತಿಂದರು, ಚಹಾ ಕುಡಿದರು. ಆಮೇಲೆ ಹುಡುಗನ ತಾಯಿ ಶುರುಮಾಡಿದಳು: "ಹುಡುಗಿ ಜರಾ ನಡದು ತೋರಸ್ಲಿರಿ."

ಅವ್ವನ ಮುಖ ಬಿಳಚಿತು. ನಾನು ಏಳಬೇಕೆನ್ನುವಷ್ಟರಲ್ಲಿ ಅತ್ತೆ ಎದ್ದಳು.

"ಮೊದ್ಲ ಹುಡುಗ ನಡೀಲಿ."

ಪಾಪ, ಹುಡುಗ ಅಂಗಳದಲ್ಲಿ ಒಂದು ಸುತ್ತು ನಡೆದ. "ಇನ್ನ ಓಡು" ಎಂದಳು. ಅದನ್ನೂ ಮಾಡಿದ! ಕೊನೆಗೆ ಅವನ ಗದ್ದ ಹಿಡಿದು ಬಾಯಿ ತೆರೆಸಿ, "ಹಲ್ಲ ಚಲೋ ಅದಾವ್ರಿ. ದಮ್ಮಿಲ್ಲ. ಕರಕೊಂಡ ಹೋಗ್ರಿ" ಅಂದಳು.

ಅವರ ಕಾರು ಹೋದಮೇಲೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವ್ವ ಮಾತ್ರ ಅಳುತ್ತಿದ್ದಳು. ಅವಳನ್ನು ನೋಡಿ ನನಗೂ ಅಳು ಬಂತು.

ಅತ್ತೆ ಲಾಯದಿಂದ ಬಿಳಿ ಕುದುರೆ ತರಿಸಿ, "ಹತ್ತು" ಎಂದಳು. ತಾನೇ ಕೈಕೊಟ್ಟು ಹತ್ತಿಸಿದಳು. ಜೀಪಿಲ್ಲದೆ ಹೊಸ್ತಿಲು ದಾಟದ ಅಕ್ಕಾಸಾಹೇಬ, ಲಗಾಮು ಹಿಡಿದು ಪೇಟೆಯ ನಡುವೆ ಬರಿಗಾಲಲ್ಲಿ ಹೊರಟಳು. ಅಂಗಡಿಯವರು ಗಡಬಡಿಸಿ ಎದ್ದು ಕೈಮುಗಿದರು.

ಅತ್ತೆ ಗದರಿಸಿದಳು: "ನನಗಲ್ರೋ. ಮ್ಯಾಲ ಕುಂತಾಳಲ್ಲ ನನ್ನ ಮಗಳು, ಆಕಿಗೆ ಮಾಡ್ರಿ."