ಏಳಕ್ಕೆ ಏಳೂ ಸಿಸೇರಿಯನ್

ಇಪ್ಪತ್ತೆಂಟು ವರ್ಷ ಹೆರಿಗೆ ರಿಜಿಸ್ಟರಿನಲ್ಲಿ ಮೊದಲ ಸಾಲು ಮಾತ್ರ ಪೂರ್ತಿ ಬರೆದು, ಕೆಳಗೆಲ್ಲ ‘ಮೇಲಿನಂತೆ’ ಎಂದು ಗೀಚಿ ಬದುಕಿದ್ದ ಆಸ್ಪತ್ರೆಯ ಗುಮಾಸ್ತರ ಕೈಗೆ ಮೊಬೈಲು ಕೊಟ್ಟದ್ದೇ ತಪ್ಪು. ಎಲ್ಲಿ ಎಷ್ಟು ಸಿಸೇರಿಯನ್ ಆಗುತ್ತಿದೆ ಎಂದು ಇಲಾಖೆಗೆ ದಿನವೂ ಅದರಲ್ಲಿ ತಿಳಿಸಬೇಕಿತ್ತು. ಅದರಲ್ಲೂ ‘ಮೇಲಿನಂತೆ’ ಎಂಬ ಗುಂಡಿ ಇತ್ತು ನೋಡಿ, ಗುಮಾಸ್ತರಿಗೆ ಹಳೆಯ ಸ್ನೇಹಿತ ಸಿಕ್ಕಂತಾಯಿತು. ಅವತ್ತಿನ ಮೊದಲ ಹೆರಿಗೆ ಸಿಸೇರಿಯನ್, ಉಳಿದ ಆರೂ ನಾರ್ಮಲ್. ಬಸ್ಸಿನ ಆತುರದಲ್ಲಿ ಆರು ಸಲ ಆ ಗುಂಡಿ ಒತ್ತಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಮೊಬೈಲಿನ ಪರದೆ ಕೆಂಪಾಗಿತ್ತು. ಏಳಕ್ಕೆ ಏಳೂ ಸಿಸೇರಿಯನ್, ಪ್ರಮಾಣ ಮಿತಿ ಮೀರಿದೆ, ಮಧ್ಯಾಹ್ನ ಮೂರಕ್ಕೆ ಮೇಲಧಿಕಾರಿ ತನಿಖೆಗೆ ಬರುತ್ತಾರೆ ಎಂದು ಸಂದೇಶ. ಗುಮಾಸ್ತರು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು. ಕಳಿಸಿದ್ದನ್ನು ಅಳಿಸುವ ದಾರಿ ಅದರಲ್ಲಿರಲಿಲ್ಲ.

ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು? ಔಷಧಿ ಕೊಡುವವನು ಬಂದು, ಇಂಥದ್ದಕ್ಕೇ ಯಾರದೋ ಕೆಲಸ ಹೋದದ್ದನ್ನು ಸವಿಸ್ತಾರವಾಗಿ ಹೇಳಿ ಧೈರ್ಯವಾಗಿರಿ ಎಂದ. ಆಯಾ ಮೊಬೈಲನ್ನು ಫಿನಾಯಿಲ್ ಬಕೆಟ್ಟಿಗೆ ಬೀಳಿಸಿಬಿಡಿ ಎಂದಳು, ಬಕೆಟ್ಟನ್ನೂ ತಂದಿಟ್ಟಳು. ತಲೆ ಓಡಿಸಿದವನು ಕಾವಲುಗಾರ ಒಬ್ಬನೇ. ಇವತ್ತು ನಾರ್ಮಲ್ ಹೆರಿಗೆ ಹೆಚ್ಚಾದರೆ ಪ್ರಮಾಣ ತಾನಾಗಿ ಇಳಿಯುತ್ತದಲ್ಲ ಎಂದ.

ಗುಮಾಸ್ತರು ಹೆರಿಗೆ ಕೋಣೆಯ ಬಾಗಿಲಲ್ಲೇ ಠಿಕಾಣಿ ಹೂಡಿದರು. ಒಳಗೆ ಮೂವರಿದ್ದರು. ಅವರ ಗಂಡಂದಿರಿಗಿಂತ ಇವರೇ ಹೆಚ್ಚು ಬೆವೆತರು. ಮಧ್ಯಾಹ್ನದೊಳಗೆ ಎರಡು ನಾರ್ಮಲ್ ಆದವು. ಮಗು ಅತ್ತ ಮರುಕ್ಷಣವೇ ಮೊಬೈಲು ಒತ್ತಿದರು. ಒಂಬತ್ತಕ್ಕೆ ಏಳು. ಇನ್ನೂ ಕೆಂಪೇ.

ಎರಡೂವರೆಗೆ ಡಾಕ್ಟರಮ್ಮ ಓಡಿಬಂದರು. ಮೂರನೆಯವಳ ಮಗುವಿನ ಎದೆಬಡಿತ ಇಳಿಯುತ್ತಿತ್ತು, ತಕ್ಷಣ ಆಪರೇಷನ್ ಆಗಬೇಕಿತ್ತು.

“ಡಾಕ್ಟ್ರೇ, ಒಂದರ್ಧ ಗಂಟೆ ನೋಡಬಹುದಾ?” ಗುಮಾಸ್ತರ ಬಾಯಿಂದ ಬಂದೇಬಿಟ್ಟಿತು.

“ನಿಮ್ಮ ಮೊಬೈಲಿಗೋಸ್ಕರ ಮಗು ಉಸಿರು ಬಿಗಿ ಹಿಡ್ಕೊಂಡಿರುತ್ತಾ ಗುಮಾಸ್ತರೇ? ಪಕ್ಕಕ್ಕೆ ಸರೀರಿ.”

ಗುಮಾಸ್ತರಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. ತನ್ನ ಕೆಲಸ ಹಾಳಾಗಿ ಹೋಗಲಿ, ಆ ಮಗು ಉಳಿದರೆ ಸಾಕು ಅನ್ನಿಸಿತು. ಬಾಗಿಲಾಚೆ ಅಳು ಕೇಳಿದಾಗ ಇವರಿಗೂ ಅಳು ಬಂತು. ಕಣ್ಣೊರೆಸಿಕೊಂಡು ಎಂಟನೆಯ ಸಿಸೇರಿಯನ್ ದಾಖಲಿಸಿದರು.

ಮೂರಕ್ಕೆ ಸರಿಯಾಗಿ ಮೇಲಧಿಕಾರಿ ಬಂದರು, ಕೈಯಲ್ಲೊಂದು ದಪ್ಪ ಚೀಲ. ಆಕೆ ಕೂರುವ ಮೊದಲೇ ಗುಮಾಸ್ತರು ಕೈಮುಗಿದು, ಗುಂಡಿಯಿಂದ ಹಿಡಿದು ಡಾಕ್ಟರಮ್ಮನನ್ನು ತಡೆದದ್ದರವರೆಗೆ ಎಲ್ಲವನ್ನೂ ಒಪ್ಪಿಕೊಂಡರು.

ಅಧಿಕಾರಿ ಚೀಲವನ್ನು ಮೇಜಿನ ಮೇಲಿಟ್ಟರು. “ಈ ವಾರ ಹನ್ನೊಂದು ಆಸ್ಪತ್ರೆ ಸುತ್ತಿ ಬಂದೆ. ಎಲ್ಲಾ ಕಡೆನೂ ಇದೇ ತಪ್ಪು. ಕೇಳಿದ್ರೆ ಮೊಬೈಲೇ ಕೆಟ್ಟಿದೆ ಅಂತಾರೆ. ನನ್ನ ತಪ್ಪು ಅಂದೋರು ನೀವೊಬ್ರೇ.”

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು.

“ನಂಬೋಕೆ ಒಬ್ಬರಾದ್ರೂ ಸಿಕ್ಕಿದ್ರಲ್ಲ. ನಾಳೆಯಿಂದ ಆ ಆಸ್ಪತ್ರೆಗಳ ಲೆಕ್ಕಾನೆಲ್ಲಾ ನೀವೇ ನೋಡ್ಕೊಳ್ಳಿ. ತಪ್ಪಾದ್ರೆ ಇನ್ಮೇಲೆ ನಾನು ಕೇಳೋದು ನಿಮ್ಮನ್ನೇ.”

ಚೀಲ ಬಿಚ್ಚಿದರೆ ಹನ್ನೊಂದು ಮೊಬೈಲು. ಹನ್ನೊಂದೂ ಕೆಂಪು.