ಕೈ ಬೀಸಿದರೆ ಬೆಳಕು

ನಮ್ಮ ಕಾಕಾನ ಮನೆಯಲ್ಲಿ ಏನು ಬೇಕಾದರೂ ಮಾಡಿ, ಸುಮ್ಮನೆ ಮಾತ್ರ ಕೂರಬೇಡಿ! ಕೂತಿರೋ, ಕತ್ತಲು ಗ್ಯಾರಂಟಿ.

ತೊರವಿ ಕಡೆ ಏಳುತ್ತಿರುವ ದೊಡ್ಡ ಕಟ್ಟಡಗಳಿಗೆ ವೈರ್‌ಲೆಸ್ ಸೆನ್ಸರ್ ಕೂರಿಸುವುದು ಕಾಕಾನ ಕಸುಬು. ಛಾವಣಿಗೆ ಅಂಟಿಸಿದ ಆ ಬಿಳಿ ಡಬ್ಬಿಗೆ ಕೆಳಗೆ ಯಾರಾದರೂ ಅಲ್ಲಾಡುವುದು ಕಂಡರೆ ದೀಪ. ಅಲ್ಲಾಡದಿದ್ದರೆ ಕೋಣೆ ಖಾಲಿ ಎಂದು ತಿಳಿದು ದೀಪ ಬಂದ್. "ಮಂದಿ ಇಲ್ಲದ ಖೋಲ್ಯಾಗ ದೀಪ ಉರದ್ರ ನನ್ನ ಹೊಟ್ಟಿ ಉರೀತೈತಿ" ಎಂದು ಇಬ್ರಾಹಿಂಪುರದ ತನ್ನ ಮನೆಗೂ ಅವನ್ನೇ ಹಾಕಿದ. ಪಾಯಖಾನೆಯನ್ನೂ ಬಿಡಲಿಲ್ಲ! ಅಲ್ಲಿ ಕೂತು ಕೈ ಬೀಸುವ ಸುಖ ನಿಮಗೇನು ಗೊತ್ತು?

ಒಮ್ಮೆ ಕಾಕಾನ ಹೆಂಡತಿ, ನಮ್ಮ ಕಾಕು, ಕಣ್ಣಿಗೆ ಔಷಧಿ ಹಾಕಿಕೊಂಡು ಅಲ್ಲಾಡದೆ ಮಲಗಿದ್ದಳು. ಕಣ್ಣು ಬಿಟ್ಟರೆ ಕಗ್ಗತ್ತಲು.

"ಯವ್ವಾ, ಇದ್ದ ಕಣ್ಣೂ ಹೋದ್ವಲ್ಲೋ!"

"ಎಲ್ಲೂ ಹೋಗಿಲ್ಲ, ಕೈ ಬೀಸು" ಎಂದು ಕಾಕಾ ಪಡಸಾಲೆಯಿಂದ ಕೂಗಿದ.

ಇವರ ಮಗಳು ಬಬಲೇಶ್ವರದ ಸಾಲಿಯಲ್ಲಿ ಟೀಚರ್. ಅವಳ ಬಲಗೈ ಮೇಲೆ ಬಿಳಿ ಮಚ್ಚೆ. ಮೊದಲೇ ಹೇಳಿದಾಗ "ಇರಲಿ ಬಿಡ್ರಿ" ಎಂದ ಗಂಡಿನ ಕಡೆಯವರೇ ಕಣ್ಣಾರೆ ಕಂಡ ಮೇಲೆ ಜಾರಿಕೊಂಡಿದ್ದರು. ಹಾಗೆ ಎರಡು ಸಂಬಂಧ ತಪ್ಪಿದ್ದವು. ಮೂರನೆಯವರು ತಿಕೋಟಾದಿಂದ ಒಂದು ಸಂಜೆ ಕನ್ಯೆ ನೋಡಲು ಬಂದರು.

"ಇವತ್ತರ ಆ ಡಬ್ಬಿ ಬಿಚ್ಚರಿ" ಎಂದು ಕಾಕು ಬೇಡಿಕೊಂಡಿದ್ದಳು.

"ಮನಿ ತುಂಬ ಮಂದಿ ಇರ್ತಾರ, ಹೆಂಗ ಆರತೈತಿ?" ಎಂದಿದ್ದ ಕಾಕಾ.

ಅಯ್ಯೋ ಜಾಣಪ್ಪಾ! ಕನ್ಯೆ ನೋಡುವಾಗ ಯಾರಾದರೂ ಅಲ್ಲಾಡುತ್ತಾರೆಯೇ? ಹುಡುಗಿ ಸೆರಗಿನಲ್ಲಿ ಬಲಗೈ ಮುಚ್ಚಿಕೊಂಡೇ ಚಹಾ ಕೊಟ್ಟು, ಹುಡುಗನ ತಾಯಿಯ ಪಕ್ಕ ಕೂತಳು. ಹುಡುಗ ತನ್ನ ಹೆಬ್ಬೆರಳು ನೋಡುತ್ತಿದ್ದ, ಅವನಪ್ಪ ಗೋಡೆ ನೋಡುತ್ತಿದ್ದರು, ನಾವು ಉಸಿರೂ ಬಿಡದೆ ಅವರನ್ನು ನೋಡುತ್ತಿದ್ದೆವು. ದೀಪ ಫಟ್ ಎಂದು ಆರಿತು!

"ಕೈ ಬೀಸ್ರಿ! ಎಲ್ಲಾರೂ ಕೈ ಬೀಸ್ರಿ!" ಎಂದು ಕಾಕಾ ಚೀರಿದ.

ಬೆಳಕು ಬಂದಾಗ ಹುಡುಗನ ಅಪ್ಪ ದ್ರಾಕ್ಷಿ ತೋಟದಲ್ಲಿ ಹಕ್ಕಿ ಓಡಿಸುವವರಂತೆ ಎರಡೂ ಕೈ ಬೀಸುತ್ತಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಹುಡುಗನ ತಾಯಿ ನಗಲಿಲ್ಲ. ಕತ್ತಲಿಗೆ ಅಂಜಿ ಹುಡುಗಿಯ ಬಲಗೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸೆರಗು ಸರಿದು ಮಚ್ಚೆ ಕಾಣುತ್ತಿತ್ತು. ನಮ್ಮ ನಗೆ ಅಲ್ಲೇ ನಿಂತುಹೋಯಿತು. ಹುಡುಗಿ ಕೈ ಎಳೆದುಕೊಳ್ಳಲು ನೋಡಿದಳು.

ಆ ತಾಯಿ ಬಿಡಲಿಲ್ಲ. ಮಚ್ಚೆಯ ಮೇಲೆ ತಮ್ಮ ಇನ್ನೊಂದು ಕೈ ಇಟ್ಟು, "ಅಂಜಬ್ಯಾಡ ನಮ್ಮವ್ವಾ. ಕೈ ಎಷ್ಟ ತಣ್ಣಗ ಆಗೇತಿ ನೋಡ!" ಎಂದು ಹಾಗೇ ಅದುಮಿ ಹಿಡಿದು ಕೂತರು.

ನಾವ್ಯಾರೂ ಮಿಸುಕಲಿಲ್ಲ. ಮತ್ತೆ ಕತ್ತಲಾಯಿತು. ಈ ಸಲ ಕಾಕಾ ಏನೂ ಕೂಗಲಿಲ್ಲ. ಡಬ್ಬಿಗೆ ಕಾಣದ ಮೂಲೆಯಲ್ಲಿ ನಿಂತು ಅವನು ಬಿಕ್ಕಿ ಬಿಕ್ಕಿ ಅಳುವುದಷ್ಟೇ ಕೇಳಿಸುತ್ತಿತ್ತು.