ನೆರೆಯರಸನ ಏಣಿ

ತಾಪತ್ರಯಕ್ಕೆಲ್ಲ ಕಾರಣ ಹಳದಿ ಕಾಗದದ ಒಂದು ಪ್ಯಾಡು. ಮ್ಯೂಸಿಯಮ್ಮಿಗೆ ಸೇರಿದ ಅದನ್ನು ಭೂತಗನ್ನಡಿಯವರು ಮನೆಗೆ ತಂದಿಟ್ಟುಕೊಂಡಿದ್ದರು. ಅದರಲ್ಲಿ ಅವರೂ ಬರೆಯುತ್ತಿದ್ದರು, ಅವರ ಹೆಂಡತಿಯೂ ಬರೆಯುತ್ತಿದ್ದರು.

ಭೂತಗನ್ನಡಿ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಇಪ್ಪತ್ತಾರು ವರ್ಷಗಳಿಂದ ಅವರು ಮಣ್ಣಿನ ಫಲಕಗಳ ಮೇಲೆ ಬಗ್ಗಿ, ಯಾವನೋ ಪುರಾತನ ರಾಜ ಬರೆಸಿಟ್ಟ ಆತ್ಮಕಥೆಯನ್ನು ಓದುತ್ತಿದ್ದರು. ಒಂಬತ್ತು ಫಲಕ ಮುಗಿದಿದ್ದವು. ಒಂಬತ್ತರಲ್ಲೂ ಒಂದೇ ರಾಗ: ಗೆದ್ದೆ, ಸುಟ್ಟೆ, ಕಟ್ಟಿಸಿದೆ.

"ಈ ಪುಣ್ಯಾತ್ಮನಿಗೆ ಒಂದು ದಿನವಾದ್ರೂ ಹಲ್ಲುನೋವು ಬರ್ಲಿಲ್ವಾ? ಇವನ ಬಟ್ಟೆ ಒಗೆದೋರು ಯಾರು? ಹತ್ತನೇ ಫಲಕದಲ್ಲಿ ಇದ್ದೇ ಇರುತ್ತೆ, ನೋಡ್ತಾ ಇರಿ" ಎಂದು ಕ್ಯಾಂಟೀನಿನಲ್ಲಿ ಎಲ್ಲರ ತಲೆ ತಿನ್ನುತ್ತಿದ್ದರು. ಡೈರೆಕ್ಟರಿಗೂ ಕೇಳಿ ಕೇಳಿ ಸಾಕಾಗಿತ್ತು. "ಹತ್ತನೇದ್ರಲ್ಲೂ ಬರೀ ಯುದ್ಧ ಇದ್ರೆ ನಿಮ್ಮ ವಿಭಾಗಕ್ಕೆ ಬೀಗ, ನೀವು ಟಿಕೆಟ್ ಕೌಂಟರಿಗೆ" ಎಂದುಬಿಟ್ಟಿದ್ದರು. ಆ ಫಲಕದ ಅನುವಾದವನ್ನು ಇವತ್ತು ನಾಲ್ಕು ಗಂಟೆಗೆ ತುಂಬಿದ ಸಭೆಯಲ್ಲಿ ಓದಬೇಕಿತ್ತು.

ಬೆಳಗ್ಗೆ ತಿಂಡಿಯ ತಟ್ಟೆ ಪಕ್ಕದಲ್ಲೇ, ಹಳದಿ ಪ್ಯಾಡಿನ ಹಾಳೆಯ ಮೇಲೆ ಅನುವಾದ ಮುಗಿಯಿತು. ಫಲಕದ ತುಂಬ ರಾಜ ಸೇನಾಪತಿಗೆ ಕೊಟ್ಟ ಆಜ್ಞೆ: "ಉತ್ತರದ ಗೋಡೆ ಕೆಡವು. ಒಂದು ಕಲ್ಲೂ ನಿಂತಿರಬಾರದು. ನೀರನ್ನು ಪೂರ್ವಕ್ಕೆ ತಿರುಗಿಸು. ಯಾರು ಅತ್ತರೂ ನಿಲ್ಲಿಸಬೇಡ." ಹಲ್ಲುನೋವಿನ ಸುಳಿವೇ ಇರಲಿಲ್ಲ. ಭೂತಗನ್ನಡಿಯವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟರು.

"ರೀ, ಕೇಳಿಸ್ತಾ?" ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಹೆಂಡತಿ ಇನ್ನೊಂದು ಹಳದಿ ಚೀಟಿಯನ್ನು ಕೈಗೆ ತುರುಕಿದರು. "ಹೋಗ್ತಾ ಇದನ್ನೂ ಬೀಗದ ಕೈಯನ್ನೂ ಸುತ್ತಿಗೆಗೆ ಕೊಡಿ. ಮೇಲಿರೋದು ಅವನ ಕೆಲಸ, ಕೆಳಗಿರೋದು ನಿಮ್ದು."

ಸುತ್ತಿಗೆ ಎಂದರೆ ರಸ್ತೆ ತಿರುವಿನ ರಿಪೇರಿಯವನು. ನಲ್ಲಿ, ಗೋಡೆ, ಕದ ಎಲ್ಲಕ್ಕೂ ಅವನೇ. ಹಿಂದೊಮ್ಮೆ ಈ ಮನೆಯಾಕೆ "ನಾನು ಹಾಗೆ ಹೇಳೇ ಇಲ್ಲ" ಎಂದು ಜಗಳ ತೆಗೆದ ಮೇಲೆ, ಬರೆದು ಕೊಟ್ಟರೆ ಮಾತ್ರ ಅವನು ಕೆಲಸಕ್ಕೆ ಕೈ ಹಾಕುತ್ತಿದ್ದ. ಬರೆದು ಕೊಟ್ಟದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ.

ಟಿಕೆಟ್ ಕೌಂಟರಿನ ಕಿಂಡಿಯೇ ಕಣ್ಣಿಗೆ ಕಟ್ಟಿದ್ದ ಭೂತಗನ್ನಡಿಯವರು ಜೇಬಿಗೆ ಕೈ ಹಾಕಿ, ಸಿಕ್ಕಿದ ಚೀಟಿಯನ್ನು ಬೀಗದ ಕೈಯ ಜೊತೆ ಅವನಿಗೆ ಕೊಟ್ಟರು.

ಸುತ್ತಿಗೆ ಓದಿದ. ಇನ್ನೊಮ್ಮೆ ಓದಿದ. "ಸಾರ್, ಅಮ್ಮಾವ್ರು ನಿಜವಾಗ್ಲೂ ಹೀಗೇ ಅಂದ್ರಾ?"

"ಬರೆದಿದೆ ತಾನೆ? ಬರೆದ ಹಾಗೆ ಮಾಡಪ್ಪ."

"ಯಾರೋ ಅಳ್ತಾರೆ ಅಂತ ಬೇರೆ..."

"ನನ್ನ ಅಳು ನನಗೇ ಸಾಕಾಗಿದೆ, ಹೋಗು!"

ನಾಲ್ಕು ಗಂಟೆಗೆ ವೇದಿಕೆ ಹತ್ತಿ ಚೀಟಿ ಬಿಡಿಸಿದರು. 'ಬಚ್ಚಲ ನಲ್ಲಿ ತೊಟ್ಟಿಕ್ತಿದೆ, ಮೂರು ತಿಂಗಳಿಂದ ಹೇಳ್ತಿದೀನಿ' ಎಂದು ಶುರುವಾಗಿತ್ತು. ಹೆಂಡತಿಯ ಪಟ್ಟಿ! ನಿಜವಾದ ಅನುವಾದ ಬಾಯಿಪಾಠವೇನೋ ಆಗಿತ್ತು. ಆದರೆ ಅದನ್ನು ಒಪ್ಪಿಸಿದರೆ ನಾಳೆಯಿಂದ ಟಿಕೆಟ್ ಹರಿಯುವುದೂ ಖಾತ್ರಿಯಾಗಿತ್ತು.

"ಓದ್ರಿ" ಎಂದರು ಡೈರೆಕ್ಟರು, ಗಡಿಯಾರ ನೋಡುತ್ತ.

ಅವರು ಗಂಟಲು ಸರಿಮಾಡಿಕೊಂಡರು. "ಸ್ನಾನಗೃಹದ ತೂಬು ತೊಟ್ಟಿಕ್ಕುತ್ತಿದೆ, ಮೂರು ಮಾಸಗಳಿಂದ ಮಹಾರಾಣಿಯು ನುಡಿಯುತ್ತಿದ್ದಾಳೆ. ಹಿತ್ತಿಲ ಕದವು ಕಿರುಗುಟ್ಟುತ್ತಿದೆ, ತೈಲ ಬಿಡತಕ್ಕದ್ದು. ನೆರೆಯರಸನ ಏಣಿಯನ್ನು ಹಿಂದಿರುಗಿಸತಕ್ಕದ್ದು. ಸಂಜೆ ಮಹಾರಾಣಿಯ ತಾಯಿ ಆಗಮಿಸುವಳು, ಮುಖ ಗಂಟಿಕ್ಕತಕ್ಕದ್ದಲ್ಲ."

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ವೃದ್ಧ ಪ್ರೊಫೆಸರೊಬ್ಬರು ಕಣ್ಣೊರೆಸಿಕೊಂಡು, "ಅವನ ಮನೇಲೂ ಹೀಗೇನಾ!" ಎಂದರು.

ಡೈರೆಕ್ಟರು ಬೆನ್ನು ತಟ್ಟಿದರು. "ಏಣಿ ವಿಷಯ ಗಮನಿಸಿದ್ರಾ? ಪಕ್ಕದವನ ಕೋಟೆಗೆ ಮುತ್ತಿಗೆ ಹಾಕೋಕೆ ಅವನ ಏಣೀನೇ ಇಸ್ಕೊಂಡಿದಾನೆ! ಸೋಮವಾರ ಮೂರು ಜನ ಲಿಪಿತಜ್ಞರನ್ನ ಕರೆಸ್ತೀನಿ. ಅವರೂ ಫಲಕವನ್ನ ಕಣ್ಣಾರೆ ಓದ್ಲಿ."

ಏರಿದ್ದ ಖುಷಿ ಅಲ್ಲೇ ಇಳಿಯಿತು. ಮನೆಗಾದರೂ ಹೋಗಿ ಒಂದು ತಂಬಿಗೆ ತಣ್ಣೀರು ತಲೆಗೆ ಸುರಿದುಕೊಳ್ಳೋಣ ಎಂದು ಅವರು ಹೆಜ್ಜೆ ಹಾಕಿದರು.

ನೀರೇನೋ ಇತ್ತು. ಬಚ್ಚಲು ಇರಲಿಲ್ಲ. ಉತ್ತರದ ಗೋಡೆ ಬುಡಸಮೇತ ಮಾಯವಾಗಿ, ಹಿತ್ತಿಲು ನೇರವಾಗಿ ಒಳಗೆ ಬಂದಿತ್ತು. ಪೈಪು ಪೂರ್ವಕ್ಕೆ ಮುಖ ತಿರುಗಿಸಿ, ಪಕ್ಕದ ಮನೆಯ ನಿವೃತ್ತ ಹೆಡ್ಮೇಷ್ಟ್ರ ಕಿಟಕಿಯೊಳಕ್ಕೆ ಭರ್ರೆಂದು ಸುರಿಯುತ್ತಿತ್ತು. ಹೆಡ್ಮೇಷ್ಟ್ರು ಮೇಜಿನ ಮೇಲೆ ನಿಂತು ಕೂಗುತ್ತಿದ್ದರು: "ಅಟ್ಟ ಹತ್ತೋಣ ಅಂದ್ರೆ ನನ್ನ ಏಣಿ ಎಲ್ರೀ?"

ಸುತ್ತಿಗೆ ಕಲ್ಲಿನ ರಾಶಿಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. "ಎಲ್ಲಾ ಬರೆದ ಹಾಗೇ ಆಯ್ತು ಸಾರ್. ಹೆಡ್ಮೇಷ್ಟ್ರು ಅತ್ರು. ನಾನು ನಿಲ್ಲಿಸ್ಲಿಲ್ಲ."

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹೆಂಡತಿ, ಹಿಂದೆ ಸೂಟ್‌ಕೇಸು ಹಿಡಿದ ಅತ್ತೆ. ಹೆಂಡತಿ ಕೈ ಚಾಚಿ ಇಬ್ಬರ ಚೀಟಿಯನ್ನೂ ಇಸಿದುಕೊಂಡು ಓದಿದರು. ಗೋಡೆ ಇದ್ದ ಜಾಗವನ್ನೂ ನೋಡಿದರು.

"ಇವತ್ತು ಏನೇನಾಯ್ತು ಅಂತ ಒಂದೂ ಬಿಡದೆ ಬರೆದುಕೊಡಿ. ಆಮೇಲೆ ಮಾತು ಬದಲಾಯಿಸ್ಬಾರ್ದು."

"ಅಳಿಯಂದ್ರು ಯಾಕಮ್ಮಾ ಮುಖ ಗಂಟು ಹಾಕ್ಕೊಂಡಿದಾರೆ?" ಎಂದರು ಅತ್ತೆ.

ಭೂತಗನ್ನಡಿಯವರು ಹಳದಿ ಪ್ಯಾಡು ಹಿಡಿದು ಕಲ್ಲಿನ ರಾಶಿಯ ಮೇಲೆ ಕೂತರು. ಎಲ್ಲವನ್ನೂ ಬರೆಯಬೇಕೆಂದೇ ಪೆನ್ನು ತೆಗೆದರು. ಆದರೆ ಮಾನ ಬಿಡಬೇಕಲ್ಲ! ತುಂಬ ಹೊತ್ತು ಯೋಚಿಸಿ ಬರೆದರು: "ಇಂದು ಸಭೆಯನ್ನು ಗೆದ್ದೆ. ಉತ್ತರದ ಗೋಡೆಯನ್ನು ಕೆಡವಿಸಿದೆ. ನೀರನ್ನು ಪೂರ್ವಕ್ಕೆ ಹರಿಸಿದೆ. ನೆರೆಯವನು ಅತ್ತನು."

ಬರೆದದ್ದನ್ನು ಓದಿಕೊಂಡಾಗ, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಅವರಿಗೆ ಆ ರಾಜನ ಮೇಲೆ ಕನಿಕರ ಉಕ್ಕಿ ಬಂತು. ಪಾಪ, ಅವನ ಮನೆಯ ಬಚ್ಚಲು ಎಷ್ಟು ತಿಂಗಳಿಂದ ತೊಟ್ಟಿಕ್ಕುತ್ತಿತ್ತೋ.